ಎಂಟು ಸಿಲಿಂಡರ್ ಇಲ್ಲದ ಮಸಲ್ ಕಾರ್: ಎಂಬತ್ತರ ದಶಕದ ಟರ್ಬೊ ಕಾರುಗಳನ್ನು ಯಾವ ಸಾಲಿನಲ್ಲಿ ಕೂರಿಸಬೇಕು?

2023ರ ಡಿಸೆಂಬರ್‌ನಲ್ಲಿ ಕೆನಡಾದ ಬ್ರಾಂಪ್ಟನ್ ಕಾರ್ಖಾನೆಯಿಂದ ಕೊನೆಯ ಡಾಡ್ಜ್ ಚಾಲೆಂಜರ್ ಹೊರಬಂದಿತು. ಅದರೊಂದಿಗೆ ಹೆಮಿ ಎಂಬ ಹೆಸರಿನ ದೊಡ್ಡ ವಿ8, ಅಂದರೆ ಎಂಟು ಸಿಲಿಂಡರಿನ, ಎಂಜಿನ್ ಹೊತ್ತ ಒಂದು ಪೀಳಿಗೆಯೇ ಮುಗಿಯಿತು. ಆ ಜಾಗಕ್ಕೆ ಬಂದ ಡಾಡ್ಜ್ ಚಾರ್ಜರ್ ಎಂಬ ಹೊಸ ಕಾರಿನ ಪೆಟ್ರೋಲ್ ಮಾದರಿಯಲ್ಲಿ ಇರುವುದು ಆರು ಸಿಲಿಂಡರಿನ, ಎರಡು ಟರ್ಬೊಗಳ, ಮೂರು ಲೀಟರಿನ ಎಂಜಿನ್. ಬಲಕ್ಕೇನೂ ಕೊರತೆಯಿಲ್ಲ, ಒಂದು ಮಾದರಿ 420 ಅಶ್ವಶಕ್ತಿ ಕೊಟ್ಟರೆ ಇನ್ನೊಂದು 550 ಕೊಡುತ್ತದೆ. ಆದರೂ ಎಂಟು ಸಿಲಿಂಡರ್ ಇಲ್ಲದ ಮೇಲೆ ಅದು ಮಸಲ್ ಕಾರೇ ಅಲ್ಲ ಎಂಬ ಮಾತು ಎದ್ದಿತು. ನಮ್ಮ ಊರುಗಳಲ್ಲಿ ಕುಳಿತು ಇಂಥ ಕಾರುಗಳ ವಿಡಿಯೊ ನೋಡುವ ಹುಡುಗರಿಗೂ, ಅಮೆರಿಕದಲ್ಲಿ ನೆಲೆಸಿ ಅವುಗಳನ್ನು ಪಕ್ಕದ ಲೇನಿನಲ್ಲೇ ಕಾಣುವ ಕನ್ನಡಿಗರಿಗೂ ಸಿಲಿಂಡರಿನ ಲೆಕ್ಕಕ್ಕೆ ಇಷ್ಟು ಮಹತ್ವ ಏಕೆ ಎಂಬುದು ಸುಲಭವಾಗಿ ಅರ್ಥವಾಗುವುದಿಲ್ಲ.

ಈ ತಕರಾರಿಗೆ ನಲವತ್ತು ವರ್ಷ ವಯಸ್ಸಾಗಿದೆ. 1980ರ ದಶಕದಲ್ಲಿ ಅಮೆರಿಕದ ಕಂಪನಿಗಳು ದೊಡ್ಡ ಎಂಜಿನ್ನುಗಳನ್ನು ಕೈಬಿಟ್ಟು, ಚಿಕ್ಕ ಎಂಜಿನ್ನಿಗೆ ಟರ್ಬೊ ಕಟ್ಟಿ ವೇಗದ ಕಾರುಗಳನ್ನು ಮಾಡಿದವು. ಅವುಗಳಲ್ಲಿ ಎಲ್ಲರ ಬಾಯಲ್ಲೂ ಉಳಿದಿರುವ ಹೆಸರು ಬ್ಯೂಯಿಕ್ ಗ್ರ್ಯಾಂಡ್ ನ್ಯಾಷನಲ್. ಅದು ಮಸಲ್ ಕಾರು ಹೌದೋ ಅಲ್ಲವೋ ಎಂದು ಹೇಳಬೇಕಾದರೆ ಮೊದಲು ಆ ಪದ ಯಾವುದಕ್ಕೆ ಅಂಟಿಕೊಂಡಿತು, ಎಂಜಿನ್ನಿಗೆ ಬಲ ಎಲ್ಲಿಂದ ಬರುತ್ತದೆ, ಟರ್ಬೊ ಮಾಡುವ ಕೆಲಸವೇನು ಎಂಬುದನ್ನು ತಿಳಿಯಬೇಕು.

ಸಾಧಾರಣ ಮೈಯಲ್ಲಿ ಜಟ್ಟಿಯ ಬಲ

ಗರಡಿಯಲ್ಲಿ ಸಾಮು ಮಾಡಿದ ಜಟ್ಟಿಯೊಬ್ಬ ಪಂಚೆಯುಟ್ಟು ಅಂಗಿ ತೊಟ್ಟು ಸಂತೆಯಲ್ಲಿ ನಡೆದರೆ ನೂರು ಜನರಲ್ಲಿ ಒಬ್ಬನಾಗಿ ಕಾಣುತ್ತಾನೆ. ಅವನ ಕೈ ಹಿಡಿದಾಗಲೇ ಒಳಗಿನ ಕಸುವು ಗೊತ್ತಾಗುವುದು. ಮಸಲ್ ಕಾರಿನ ಮೂಲ ಕಲ್ಪನೆ ಇದೇ. ಸಂಸಾರವಂದಿಗರು ಕಚೇರಿಗೆ, ಅಂಗಡಿಗೆ ಓಡಿಸುವ ಮಧ್ಯಮ ಗಾತ್ರದ ಎರಡು ಬಾಗಿಲಿನ ಕಾರನ್ನು ತೆಗೆದುಕೊಂಡು, ಅದೇ ಕಂಪನಿಯ ದೊಡ್ಡ ಕಾರಿಗೆಂದು ಮಾಡಿದ ಭಾರಿ ಎಂಜಿನ್ನನ್ನು ಅದರೊಳಗೆ ಇಳಿಸುವುದು.

ಬೀಜವನ್ನು ಹುಡುಕುತ್ತ ಕೆಲವರು 1949ರ ಓಲ್ಡ್ಸ್‌ಮೊಬೀಲ್ ರಾಕೆಟ್ 88ರವರೆಗೆ ಹೋಗುತ್ತಾರಾದರೂ, ಈ ಕಲ್ಪನೆಗೆ ರೂಪ ಕೊಟ್ಟ ಕಾರು 1964ರ ಪಾಂಟಿಯಾಕ್ ಜಿಟಿಒ ಎಂಬುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಅದು ಹುಟ್ಟಿದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಬ್ಯೂಯಿಕ್‌ನಂತೆ ಪಾಂಟಿಯಾಕ್ ಕೂಡ ಜನರಲ್ ಮೋಟರ್ಸ್‌ನ ಒಂದು ವಿಭಾಗ. 1963ರಲ್ಲಿ ಮಾತೃಸಂಸ್ಥೆಯು ತನ್ನ ವಿಭಾಗಗಳನ್ನು ರೇಸಿನಿಂದ ಹಿಂದೆ ಸರಿಸಿತು. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಇಂಚು, ಅಂದರೆ ಸುಮಾರು 5.4 ಲೀಟರಿಗಿಂತ ದೊಡ್ಡ ಎಂಜಿನ್ ಹಾಕಬಾರದೆಂಬ ಕಟ್ಟಳೆಯೂ ಅಲ್ಲಿ ಇತ್ತು. ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಜೊತೆಗಿದ್ದ ಬಿಲ್ ಕಾಲಿನ್ಸ್, ರಸ್ ಗೀ ಅವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು: ತಮ್ಮ 326 ಘನ ಇಂಚಿನ ಎಂಜಿನ್ನೂ 389 ಘನ ಇಂಚಿನ ಎಂಜಿನ್ನೂ ಹೊರ ಅಳತೆಯಲ್ಲಿ ಒಂದೇ. ಚಿಕ್ಕದು ಕೂರುವ ಜಾಗದಲ್ಲಿ ದೊಡ್ಡದೂ ತೊಂದರೆಯಿಲ್ಲದೆ ಕೂರುತ್ತದೆ. ಹೊಸ ಮಾದರಿ ಎಂದು ಹೆಸರಿಟ್ಟರೆ ಮೇಲಿನವರ ಒಪ್ಪಿಗೆ ಬೇಕಾಗುತ್ತಿತ್ತು. ಆದ್ದರಿಂದ ಟೆಂಪೆಸ್ಟ್ ಲೆಮಾನ್ಸ್ ಎಂಬ ಕಾರನ್ನು ಕೊಳ್ಳುವವರಿಗೆ, 300 ಡಾಲರಿಗಿಂತ ತುಸು ಕಡಿಮೆ ಹೆಚ್ಚುವರಿ ಬೆಲೆಗೆ ದೊರೆಯುವ ಆಯ್ಕೆಯಾಗಿ ಜಿಟಿಒ ಹೊರಬಂತು. 6.4 ಲೀಟರಿನ ಆ ಎಂಜಿನ್ 325 ಅಶ್ವಶಕ್ತಿ ಕೊಡುತ್ತಿತ್ತು, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಮೂರು ಹಾಕಿಸಿಕೊಂಡರೆ 348. ಐದು ಸಾವಿರ ಕಾರು ಹೋದರೆ ಸಾಕು ಎಂದುಕೊಂಡವರ ಎದುರಿಗೆ ಮೊದಲ ವರ್ಷವೇ 32,450 ಜಿಟಿಒಗಳು ಮಾರಾಟವಾದವು.

ಈ ಮೂಲ ಕಥೆಯಿಂದಲೇ ಲಕ್ಷಣಗಳನ್ನು ಹೆಕ್ಕಬಹುದು. ಅಡಿಗಟ್ಟು ಮನೆಬಳಕೆಯ ಕಾರಿನದು, ಬೆಲೆ ದುಡಿಯುವ ಯುವಕನ ಕೈಗೆಟುಕುವಂಥದ್ದು, ಬಲ ಹರಿಯುವುದು ಹಿಂದಿನ ಚಕ್ರಗಳಿಗೆ, ಗುರಿ ತಿರುವುಗಳ ನಾಜೂಕಲ್ಲ, ನೇರ ರಸ್ತೆಯಲ್ಲಿ ನಿಂತ ಜಾಗದಿಂದ ಚಿಮ್ಮುವುದು. ನಮ್ಮಲ್ಲಿ ಗಾಡಿಗಳ ಮಾತಿನಲ್ಲಿ ‘ಪಿಕಪ್’ ಎನ್ನುತ್ತೇವಲ್ಲ, ಅದಕ್ಕಾಗಿಯೇ ಮಾಡಿದ ಕಾರು ಇದು. ಈ ಪಟ್ಟಿಯಲ್ಲಿ ವಿ8 ಎಂಜಿನ್ ಇದೆಯೇ ಎಂದರೆ, ಆ ಕಾಲದ ಪ್ರತಿಯೊಂದು ಮಸಲ್ ಕಾರಿನಲ್ಲೂ ಇತ್ತು. ಆದರೆ ಅದು ಲಕ್ಷಣವೋ, ಆ ಲಕ್ಷಣವನ್ನು ಸಾಧಿಸಲು ಅಂದು ಕೈಗೆ ಸಿಕ್ಕ ಸಾಧನವೋ ಎಂಬುದೇ ವಿವಾದದ ತಿರುಳು.

ಇನ್ನೊಂದು ವಿಷಯ ಗಮನದಲ್ಲಿರಲಿ. ಅರವತ್ತರ ದಶಕದ ಪತ್ರಿಕೆಗಳು ಈ ಕಾರುಗಳನ್ನು ಹೆಚ್ಚಾಗಿ ಸೂಪರ್‌ಕಾರ್ ಎಂದೇ ಕರೆಯುತ್ತಿದ್ದವು; ಮಸಲ್ ಕಾರ್ ಎಂಬ ಹೆಸರು ಗಟ್ಟಿಯಾಗಿ ನಿಂತದ್ದು ನಂತರದ ದಿನಗಳಲ್ಲಿ. ಹಾಗಾಗಿ ಅದಕ್ಕೆ ಕಾನೂನಿನ ವ್ಯಾಖ್ಯೆ ಎಂಬುದೇನೂ ಇಲ್ಲ. ಕಟ್ಟುನಿಟ್ಟಿನವರು ಫೋರ್ಡ್ ಮಸ್ಟ್ಯಾಂಗ್, ಷೆವರ್ಲೆ ಕಮಾರೊಗಳನ್ನೂ ಹೊರಗಿಟ್ಟು, ಅವು ಗಾತ್ರದಲ್ಲಿ ಚಿಕ್ಕವಾದ್ದರಿಂದ ಪೋನಿ ಕಾರುಗಳು ಎನ್ನುತ್ತಾರೆ.

ಗಾತ್ರ ಮತ್ತು ಬಲ

ಎಂಜಿನ್ ಎಂದರೆ ಗಾಳಿ ಎಳೆದುಕೊಳ್ಳುವ ಯಂತ್ರ. ಒಂದು ಕಿಲೊ ಪೆಟ್ರೋಲ್ ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 14.7 ಕಿಲೊ ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಕಷ್ಟವಿರುವುದು ಅಷ್ಟು ಗಾಳಿಯನ್ನು ಒಳಕ್ಕೆ ತರುವುದರಲ್ಲಿ. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ತೆರವಾಗುವ ಜಾಗದ ಒಟ್ಟು ಅಳತೆಯನ್ನೇ ನಾವು ಸಿಸಿ ಎಂದೋ ಲೀಟರ್ ಎಂದೋ ಹೇಳುವುದು. ಸಿಸಿ ಹೆಚ್ಚಾದಷ್ಟೂ ಒಂದು ಸುತ್ತಿಗೆ ಒಳಬರುವ ಗಾಳಿ ಹೆಚ್ಚು, ಉರಿಯುವ ಪೆಟ್ರೋಲ್ ಹೆಚ್ಚು, ಪಿಸ್ಟನ್ನಿಗೆ ಬೀಳುವ ಪೆಟ್ಟೂ ಹೆಚ್ಚು. ಗಾತ್ರಕ್ಕೆ ಗಾತ್ರವೇ ಸಾಟಿ ಎಂಬ ಅರ್ಥದ ಮಾತೊಂದು ಅಮೆರಿಕದ ಗ್ಯಾರೇಜುಗಳಲ್ಲಿ ಗಾದೆಯಂತೆ ಬಳಕೆಯಲ್ಲಿರುವುದು ಇದಕ್ಕಾಗಿ.

ಇಲ್ಲಿ ಎರಡು ಅಳತೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಪಂಚರ್ ಅಂಗಡಿಯ ಹುಡುಗ ಪಾನಾಗೆ ಉದ್ದನೆಯ ಪೈಪ್ ಸಿಕ್ಕಿಸಿ, ತುಕ್ಕು ಹಿಡಿದ ನಟ್ಟನ್ನು ಮೈಭಾರ ಹಾಕಿ ಕದಲಿಸುತ್ತಾನಲ್ಲ, ಆ ತಿರುಗಿಸುವ ಬಲವೇ ಟಾರ್ಕ್. ಅಂಥ ನಟ್ಟುಗಳನ್ನು ಒಂದು ನಿಮಿಷದಲ್ಲಿ ಎಷ್ಟು ಬಿಚ್ಚಬಲ್ಲ ಎಂಬುದು ಅಶ್ವಶಕ್ತಿಯ ಲೆಕ್ಕ. ನಿಂತ ಕಾರನ್ನು ಮುಂದಕ್ಕೆ ಒಗೆಯುವುದು ಟಾರ್ಕ್. ದೊಡ್ಡ ವಿ8ನ ಹಿರಿಮೆ ಏನೆಂದರೆ, ಎಂಜಿನ್ ಇನ್ನೂ ಗುರುಗುಡುತ್ತ ನಿಧಾನವಾಗಿ ತಿರುಗುತ್ತಿರುವಾಗಲೇ ಅದು ಟಾರ್ಕನ್ನು ಧಾರಾಳವಾಗಿ ಕೊಡುತ್ತದೆ. 1970ರ ಬ್ಯೂಯಿಕ್ ಜಿಎಸ್ 455 ಸ್ಟೇಜ್ 1 ಎಂಬ ಕಾರಿನ 7.5 ಲೀಟರ್ ಎಂಜಿನ್ನಿಗೆ ಕಂಪನಿ ಹೇಳಿದ ಅಂಕಿ 360 ಅಶ್ವಶಕ್ತಿಯಾದರೆ, ಟಾರ್ಕ್ 510 ಪೌಂಡ್-ಅಡಿ, ಅಂದರೆ ಸುಮಾರು 690 ನ್ಯೂಟನ್-ಮೀಟರ್. ಕಾಲು ಮೈಲಿ, ಅಂದರೆ 402 ಮೀಟರ್ ದೂರವನ್ನು ಆ ಕಾರು ಪತ್ರಿಕೆಯೊಂದರ ಪರೀಕ್ಷೆಯಲ್ಲಿ 13.4 ಸೆಕೆಂಡಿನ ಒಳಗೆ ಮುಗಿಸಿತ್ತು. ಈ ಕಾರನ್ನು ನೆನಪಿಡಿ; ಮುಂದೆ ಇದರ ಮೊಮ್ಮಗ ಬರುತ್ತಾನೆ.

ಬಲ ಸೋರಿಹೋದ ವರ್ಷಗಳು

1970ರಲ್ಲಿ ಶಿಖರ ಮುಟ್ಟಿದ ಈ ಓಟ ನಾಲ್ಕೇ ವರ್ಷದಲ್ಲಿ ನೆಲ ಕಚ್ಚಿತು. ಅದೇ ವರ್ಷದ ವಾಯುಶುದ್ಧಿ ಕಾಯ್ದೆ ಹೊಗೆಯ ಮೇಲೆ ಬಿಗಿ ನಿಯಮ ತಂದಿತು. ಸೀಸವಿಲ್ಲದ ಪೆಟ್ರೋಲಿಗೆ ಒಗ್ಗಲೆಂದು 1971ರಲ್ಲಿ ಜನರಲ್ ಮೋಟರ್ಸ್ ತನ್ನ ಎಂಜಿನ್ನುಗಳ ಸಂಕೋಚನವನ್ನು, ಅಂದರೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಉರಿಯುವ ಮೊದಲು ಒತ್ತುವ ಪ್ರಮಾಣವನ್ನು ಇಳಿಸಿತು. ವಿಮಾ ಕಂಪನಿಗಳು ಬಲಶಾಲಿ ಕಾರುಗಳ ಕಂತನ್ನು ಏರಿಸಿದವು. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆಗೆ ತಡೆ ಹಾಕಿದ ಮೇಲೆ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು. 1975ರಲ್ಲಿ ಬಂದ ಕಾನೂನೊಂದು ಪ್ರತಿ ಕಂಪನಿಯ ಕಾರುಗಳ ಸರಾಸರಿ ಮೈಲೇಜನ್ನೇ ಗೊತ್ತುಮಾಡಿತು: 1978ಕ್ಕೆ ಗ್ಯಾಲನ್ನಿಗೆ 18 ಮೈಲಿ, 1985ಕ್ಕೆ 27.5 ಮೈಲಿ. ನಮ್ಮ ಲೆಕ್ಕದಲ್ಲಿ ಅದು ಲೀಟರಿಗೆ ಸುಮಾರು 7.7 ಕಿಲೊಮೀಟರಿನಿಂದ 11.7ಕ್ಕೆ ಏರಿದಂತೆ.

ಈ ಕುಸಿತದಲ್ಲಿ ಒಂದು ಪಾಲು ಮಾತ್ರ ಕಾಗದದ ಮೇಲಿನದು. 1971ರವರೆಗೆ ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಫ್ಯಾನು, ಸೈಲೆನ್ಸರ್, ಏರ್ ಫಿಲ್ಟರ್ ಯಾವುದರ ಹೊರೆಯೂ ಇಲ್ಲದೆ ಅಳೆದ ಒಟ್ಟು ಬಲವನ್ನೇ ಜಾಹೀರಾತಿನಲ್ಲಿ ಹೇಳುತ್ತಿದ್ದರು. 1972ರಿಂದ ಅವೆಲ್ಲವನ್ನೂ ಜೋಡಿಸಿ ಅಳೆದ ನಿವ್ವಳ ಬಲವನ್ನು ಹೇಳತೊಡಗಿದರು. ಸಂಬಳದ ಚೀಟಿಯಲ್ಲಿ ಮೇಲೆ ಬರೆದ ಒಟ್ಟು ಮೊತ್ತಕ್ಕೂ ಕಡಿತಗಳಾದ ಮೇಲೆ ಬ್ಯಾಂಕಿಗೆ ಬೀಳುವ ಹಣಕ್ಕೂ ಇರುವ ವ್ಯತ್ಯಾಸ ಇದು. ಬ್ಯೂಯಿಕ್ ಸ್ಟೇಜ್ 1 ಎಂಜಿನ್ 1971ರಲ್ಲಿ 345 ಒಟ್ಟು ಅಶ್ವಶಕ್ತಿಯದಾಗಿತ್ತು, 1972ರಲ್ಲಿ ನಿವ್ವಳ ಲೆಕ್ಕದಲ್ಲಿ 270 ಆಯಿತು. ಅರವತ್ತರ ದಶಕದ ಕಾರುಗಳನ್ನು ಎಂಬತ್ತರ ದಶಕದವುಗಳೊಂದಿಗೆ ಹೋಲಿಸುವಾಗ ಬಹಳ ಜನ ಈ ಭೇದವನ್ನು ಮರೆತು, ಹೊಸ ಕಾರುಗಳನ್ನು ಅನ್ಯಾಯವಾಗಿ ಕೆಳಗಿಳಿಸುತ್ತಾರೆ. ಹಾಗಿದ್ದೂ ಉಳಿದ ಕುಸಿತ ನಿಜವಾದದ್ದೇ. 1975ರಲ್ಲಿ ಅಮೆರಿಕದ ಹೆಮ್ಮೆಯ ಸ್ಪೋರ್ಟ್ಸ್ ಕಾರಾದ, ಜನರಲ್ ಮೋಟರ್ಸ್‌ನದೇ ಕಾರ್ವೆಟ್‌ನ ಮೂಲ ಎಂಜಿನ್, 5.7 ಲೀಟರ್ ಗಾತ್ರವಿದ್ದರೂ, ಕೊಡುತ್ತಿದ್ದದ್ದು 165 ಅಶ್ವಶಕ್ತಿ ಮಾತ್ರ.

ಕಮ್ಮಾರನ ತಿದಿ

ಕುಲುಮೆಯ ಕೆಂಡ ತಾನಾಗಿ ಉರಿದರೆ ಕುಡುಗೋಲು ಕೆಂಪಾಗುವುದಿಲ್ಲ. ಕಮ್ಮಾರ ತಿದಿಯನ್ನು ಒತ್ತಿದೊಡನೆ ಅದೇ ಇದ್ದಿಲು ಬಿಳಿಚುವಷ್ಟು ಕಾಯುತ್ತದೆ. ಕುಲುಮೆ ದೊಡ್ಡದಾಗಲಿಲ್ಲ, ಗಾಳಿ ಹೆಚ್ಚಾಯಿತು. ಟರ್ಬೊ ಎಂಬುದು ಎಂಜಿನ್ನಿನ ತಿದಿ. ಅದನ್ನು ಒತ್ತುವ ಕೈ ಯಾವುದು ಎಂಬಲ್ಲಿದೆ ಜಾಣತನ. ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆಯಲ್ಲಿ ಇನ್ನೂ ಸಾಕಷ್ಟು ಶಕ್ತಿ ಉಳಿದಿರುತ್ತದೆ. ಆ ಹೊಗೆಯ ದಾರಿಯಲ್ಲಿ ಮುಷ್ಟಿಗಾತ್ರದ ಒಂದು ಚಕ್ರವಿಟ್ಟರೆ ಅದು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಮತ್ತೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಸಿಲಿಂಡರಿಗೆ ತುಂಬುತ್ತದೆ. ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬೂಕಿ ಈ ವಿಚಾರಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ.

ಗಾಳಿಯ ಒತ್ತಡ ಒಂದು ವಾತಾವರಣದಷ್ಟು ಹೆಚ್ಚಾದರೆ, ಅದು ತಣ್ಣಗಿದ್ದ ಪಕ್ಷದಲ್ಲಿ, ಸಿಲಿಂಡರಿಗೆ ಹೋಗುವ ಗಾಳಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅಂದರೆ 3.8 ಲೀಟರಿನ ಎಂಜಿನ್ 7.6 ಲೀಟರಿನ ಎಂಜಿನ್‌ನಂತೆ ಉಸಿರಾಡುತ್ತದೆ. ಚಾಲಕ ನಿಧಾನವಾಗಿ ಹೋಗುವಾಗ ಹೊಗೆಯ ಹರಿವು ಕಡಿಮೆ, ಟರ್ಬೊ ಮಲಗಿರುತ್ತದೆ, ಎಂಜಿನ್ ಚಿಕ್ಕದಾಗಿಯೇ ಉಳಿದು ಆವರೇಜ್ ಕೊಡುತ್ತದೆ. ಮೈಲೇಜಿನ ಕಾನೂನಿನ ಅಡಿಯಲ್ಲಿ ಸಿಕ್ಕಿಬಿದ್ದಿದ್ದ ಕಂಪನಿಗಳಿಗೆ ಬೇಕಾಗಿದ್ದದ್ದು ಸರಿಯಾಗಿ ಇಂಥದ್ದೇ.

ಆದರೆ ಇದಕ್ಕೆ ಮೂರು ಕಾಟಗಳಿದ್ದವು. ಸೈಕಲ್ಲಿಗೆ ಪಂಪು ಹೊಡೆದು ಮುಗಿಸಿ ಅದರ ಬುಡವನ್ನು ಮುಟ್ಟಿ ನೋಡಿದರೆ ಬಿಸಿ ತಿಳಿಯುತ್ತದೆ. ಒತ್ತಿದ ಗಾಳಿ ಕಾಯುವುದು ಅದರ ಸ್ವಭಾವ. ಕಾದ ಗಾಳಿ ಹಿಗ್ಗುವುದರಿಂದ ಒತ್ತಿದ ಲಾಭ ಅರ್ಧಕ್ಕರ್ಧ ಕೈಬಿಡುತ್ತದೆ. ಟರ್ಬೊಗೂ ಸಿಲಿಂಡರಿಗೂ ನಡುವೆ ರೇಡಿಯೇಟರಿನಂಥ ಜಾಲರಿಯನ್ನಿಟ್ಟು ಗಾಳಿಯನ್ನು ತಣಿಸುವ ಉಪಕರಣವೇ ಇಂಟರ್‌ಕೂಲರ್. ಎರಡನೆಯದು ನಾಕಿಂಗ್. ಭಾರ ಹೇರಿದ ಹಳೆಯ ಕಾರು ಘಾಟಿ ಏರುವಾಗ ಎಂಜಿನ್ ಕಟಕಟನೆ ಹಲ್ಲು ಕಡಿದಂತೆ ಸದ್ದು ಮಾಡುವುದನ್ನು ಕೇಳಿರುತ್ತೀರಿ. ಕಿಡಿ ಹೊತ್ತುವ ಲೆಕ್ಕ ತಪ್ಪಿ ಪೆಟ್ರೋಲ್ ಅಡ್ಡಾದಿಡ್ಡಿಯಾಗಿ ಸಿಡಿದಾಗ ಹಾಗಾಗುತ್ತದೆ. ಟರ್ಬೊ ಒತ್ತಡದಲ್ಲಿ ಅದು ಪಿಸ್ಟನ್ನನ್ನೇ ತೂತು ಮಾಡಬಲ್ಲದು. ಮೂರನೆಯದು ವಿಳಂಬ. ಕಾಲು ಒತ್ತಿದ ಮೇಲೆ ಹೊಗೆ ಹೆಚ್ಚಿ, ಚಕ್ರ ವೇಗ ಹಿಡಿದು, ಗಾಳಿ ತುಂಬುವವರೆಗೆ ಒಂದು ಗಳಿಗೆ ಬೇಕು. ಆ ಗಳಿಗೆಯಲ್ಲಿ ಕಾರು ಯೋಚಿಸುತ್ತ ನಿಂತಂತೆ ಅನಿಸುತ್ತದೆ.

ಮಾರಿ ಮತ್ತೆ ಕೊಂಡ ಎಂಜಿನ್

ಬ್ಯೂಯಿಕ್ ಬಳಿ 1962ರಲ್ಲೇ ಒಂದು ವಿ6 ಇತ್ತು. ದೊಡ್ಡ ಎಂಜಿನ್ನುಗಳ ಭರಾಟೆಯ ಆ ದಿನಗಳಲ್ಲಿ ಯಾರಿಗೂ ಬೇಡವಾಗಿ, ಅದನ್ನು ಮಾಡುವ ಯಂತ್ರೋಪಕರಣಗಳನ್ನೇ 1967ರಲ್ಲಿ ಕೈಸರ್ ಜೀಪ್ ಕಂಪನಿಗೆ ಮಾರಲಾಯಿತು. ತೈಲದ ಬಿಕ್ಕಟ್ಟು ಬಂದು ಚಿಕ್ಕ ಎಂಜಿನ್ ಬೇಕೆಂದಾದಾಗ, 1974ರಲ್ಲಿ, ಜೀಪ್‌ನ ಹೊಸ ಒಡೆಯರಾಗಿದ್ದ ಅಮೆರಿಕನ್ ಮೋಟರ್ಸ್‌ನಿಂದ ಅವನ್ನೆಲ್ಲ ಮರಳಿ ಕೊಂಡರು. ಹೀಗೆ ತವರಿಗೆ ಮರಳಿದ ಎಂಜಿನ್ 3.8 ಲೀಟರಿಗೆ ಹಿಗ್ಗಿತು. ಅದರ ಟರ್ಬೊ ರೂಪ 1976ರ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಸ್ಪರ್ಧಿಗಳ ಮುಂದೆ ಓಡಿ ಓಟ ಆರಂಭಿಸಿಕೊಡುವ ಮುಂಚೂಣಿ ಕಾರಿನಲ್ಲಿ ಕಾಣಿಸಿಕೊಂಡು, 1978ರಲ್ಲಿ ರೀಗಲ್ ಮತ್ತು ಲೆಸೇಬರ್ ಕಾರುಗಳಲ್ಲಿ ಮಾರುಕಟ್ಟೆಗೆ ಬಂತು. ಕಾರ್ಬ್ಯುರೇಟರ್ ಇದ್ದ, ಇಂಟರ್‌ಕೂಲರ್ ಇಲ್ಲದ ಆ ಎಂಜಿನ್ 150 ಅಥವಾ 165 ಅಶ್ವಶಕ್ತಿ ಕೊಡುತ್ತಿತ್ತು. ನಾಕಿಂಗ್ ಕೇಳಿಸಿದೊಡನೆ ಕಿಡಿಯ ಸಮಯವನ್ನು ಹಿಂದಕ್ಕೆ ತಳ್ಳುವ ಎಲೆಕ್ಟ್ರಾನಿಕ್ ಸಂವೇದಕ ಆಗಲೇ ಅದರಲ್ಲಿತ್ತು.

ಗ್ರ್ಯಾಂಡ್ ನ್ಯಾಷನಲ್ ಎಂಬ ಹೆಸರು ನಾಸ್ಕಾರ್ ರೇಸ್ ಸರಣಿಯ ಹಳೆಯ ಹೆಸರಿನಿಂದ ಬಂದದ್ದು. 1981 ಮತ್ತು 1982ರಲ್ಲಿ ಅಲ್ಲಿ ತಯಾರಕರ ಪ್ರಶಸ್ತಿ ಬ್ಯೂಯಿಕ್‌ನದಾಗಿತ್ತು. 1982ರ ಮೊದಲ ಗ್ರ್ಯಾಂಡ್ ನ್ಯಾಷನಲ್ ಹೆಚ್ಚಿನಂಶ ಬಣ್ಣ ಮತ್ತು ಪಟ್ಟಿಗಳ ಅಲಂಕಾರ. ನಿಜವಾದ ಕಾರು ಬಂದದ್ದು 1984ರಲ್ಲಿ, ಇಡೀ ಮೈಗೆ ಕಪ್ಪು ಬಳಿದುಕೊಂಡು. ಪ್ರತಿ ಸಿಲಿಂಡರಿಗೂ ಅದರ ಸರದಿ ನೋಡಿ ಪೆಟ್ರೋಲ್ ಚಿಮುಕಿಸುವ ಕಂಪ್ಯೂಟರ್ ವ್ಯವಸ್ಥೆಯೊಂದಿಗೆ ಬಲ 200ಕ್ಕೆ ಏರಿತು. 1986ರಲ್ಲಿ ಇಂಟರ್‌ಕೂಲರ್ ಸೇರಿ 235, 1987ರಲ್ಲಿ 245. ಟಾರ್ಕ್ 355 ಪೌಂಡ್-ಅಡಿ. ಅದೇ ವರ್ಷದ ಕಾರ್ವೆಟ್ 5.7 ಲೀಟರಿನ ವಿ8ನಿಂದ 240 ಅಶ್ವಶಕ್ತಿ ಕೊಡುತ್ತಿತ್ತು. ಒಂದೇ ಸಂಸ್ಥೆಯೊಳಗೆ, ಕಾರ್ವೆಟ್‌ಗಿಂತ ಸಾವಿರಾರು ಡಾಲರ್ ಅಗ್ಗದ, ನಾಲ್ಕೈದು ಜನ ಕೂತು ಹೋಗುವ, ಅಜ್ಜಂದಿರ ಕಾರೆಂದು ಹೆಸರಾಗಿದ್ದ ಬ್ಯೂಯಿಕ್ ಅದನ್ನು ನೇರ ಓಟದಲ್ಲಿ ಹಿಂದಿಕ್ಕತೊಡಗಿತು. 1987ರಲ್ಲಿ 20,193 ಗ್ರ್ಯಾಂಡ್ ನ್ಯಾಷನಲ್‌ಗಳು ತಯಾರಾದವು.

ಬೀಳ್ಕೊಡುಗೆಯಾಗಿ ಅದೇ ವರ್ಷ ಎಎಸ್‌ಸಿ ಮತ್ತು ಮಕ್‌ಲಾರೆನ್ ಎಂಜಿನ್ಸ್ ಕಂಪನಿಗಳ ಜೊತೆಗೂಡಿ ಮಾಡಿದ ಜಿಎನ್‌ಎಕ್ಸ್ ಕೇವಲ 547. ದೊಡ್ಡ ಇಂಟರ್‌ಕೂಲರ್, ಬೇಗ ತಿರುಗಲೆಂದು ಸೆರಾಮಿಕ್ ಚಕ್ರವಿಟ್ಟ ಗ್ಯಾರೆಟ್ ಟರ್ಬೊ, ನೆಲವನ್ನು ಕಚ್ಚಿ ಹಿಡಿಯಲು ಬದಲಿಸಿದ ಹಿಂದಿನ ಸಸ್ಪೆನ್ಷನ್. ಘೋಷಿತ ಬಲ 276 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 60 ಮೈಲಿ, ಅಂದರೆ 97 ಕಿಲೊಮೀಟರ್ ವೇಗಕ್ಕೆ ಪತ್ರಿಕೆಯೊಂದರ ಪರೀಕ್ಷೆಯಲ್ಲಿ ಅದು ತೆಗೆದುಕೊಂಡದ್ದು 4.7 ಸೆಕೆಂಡ್. ಈಗ 1972ರ ಸ್ಟೇಜ್ 1 ಎಂಜಿನ್ನನ್ನು ಪಕ್ಕದಲ್ಲಿಟ್ಟು ನೋಡಿ: ಅದರ ನಿವ್ವಳ ಬಲ 270, ಗಾತ್ರ 7.5 ಲೀಟರ್. ಮೊಮ್ಮಗ ಅಜ್ಜನ ಅರ್ಧ ಗಾತ್ರದ ಎಂಜಿನ್ನಿನಲ್ಲಿ ಅಜ್ಜನ ತೂಕವನ್ನೇ ಎತ್ತಿದ್ದ.

ಹಸಿರು ದೀಪಕ್ಕೆ ಮುಂಚಿನ ಎರಡು ಸೆಕೆಂಡ್

ವಿಳಂಬವನ್ನು ಗೆಲ್ಲುವ ಒಂದು ಕೈಚಳಕವನ್ನು ಗ್ರ್ಯಾಂಡ್ ನ್ಯಾಷನಲ್ ಓಡಿಸುವವರು ಬೇಗ ಕಲಿಯುತ್ತಾರೆ. ಈ ಕಾರು ಬಂದದ್ದು ಆಟೊಮ್ಯಾಟಿಕ್ ಗೇರಿನಲ್ಲಿ ಮಾತ್ರ, ಕ್ಲಚ್ ಇಲ್ಲ. ಓಟದ ಗೆರೆಯ ಮೇಲೆ ನಿಂತು ಎಡಗಾಲನ್ನು ಬ್ರೇಕಿನ ಮೇಲೆ ಬಿಗಿಯಾಗಿ ಊರಿ, ಬಲಗಾಲಿನಿಂದ ಆಕ್ಸಿಲರೇಟರನ್ನು ನಿಧಾನವಾಗಿ ಒತ್ತುತ್ತ ಹೋಗಬೇಕು. ಕಾರು ಕದಲಲಾರದೆ ತಿಣುಕುತ್ತದೆ, ಮೈ ಸಣ್ಣಗೆ ಅದುರುತ್ತದೆ, ಬಾನೆಟ್ಟಿನ ಒಳಗಿನಿಂದ ತೆಳ್ಳನೆಯ ಸಿಳ್ಳೆಯೊಂದು ಏರತೊಡಗುತ್ತದೆ. ಒತ್ತಡದ ಮಾಪಕ ಮೇಲೇರುತ್ತದೆ. ಇನ್ನು ಹಿಡಿದಿಟ್ಟರೆ ಹಿಂದಿನ ಚಕ್ರಗಳು ಬ್ರೇಕನ್ನೂ ಮೀರಿ ಜಾರುತ್ತವೆ ಎನ್ನುವಾಗ ದೀಪ ಹಸಿರಾಗಬೇಕು, ಎಡಗಾಲು ಸರಿಯಬೇಕು. ಆಗ ಮೂತಿ ಮೇಲೆದ್ದು, ಹಿಂಬದಿ ಕುಸಿದು, ಸೀಟು ಬೆನ್ನಿಗೆ ಗುದ್ದುತ್ತದೆ. ಗೇರ್ ಬದಲಾಗುವಾಗ ಕಾಲು ಎತ್ತಬೇಕಾಗಿಲ್ಲವಾದ್ದರಿಂದ ಟರ್ಬೊ ಮತ್ತೆ ಮಲಗುವುದಿಲ್ಲ.

ವಿ8 ಕಾರಿನಲ್ಲಿ ಇಷ್ಟು ಸಿದ್ಧತೆ ಬೇಕಾಗಿರಲಿಲ್ಲ, ಕಾಲು ಒತ್ತಿದರೆ ಸಾಕಾಗಿತ್ತು. ಟರ್ಬೊ ಕಾರನ್ನು ಒಪ್ಪದವರ ಅತ್ಯಂತ ಗಟ್ಟಿಯಾದ ಮಾತು ಇದು, ಅದನ್ನು ತಳ್ಳಿಹಾಕಲಾಗದು.

ಬೇಡ ಎನ್ನುವವರ ವಾದ

ಸದ್ದಿನ ಆಕ್ಷೇಪಕ್ಕೂ ಆಧಾರವಿದೆ. ವಿ8ನ ಒಡ್ಡೊಡ್ಡಾದ ಗುಡುಗು ಎದೆಗೆ ತಾಗುವಂಥದ್ದು. ಟರ್ಬೊ ಚಕ್ರ ಹೊಗೆಯ ದಾರಿಗೆ ಅಡ್ಡಲಾಗಿ ಕೂರುವುದರಿಂದ ಆ ಗುಡುಗಿನ ಒಂದು ಪಾಲನ್ನು ತಾನೇ ನುಂಗುತ್ತದೆ, ಮೊದಲೇ ಆರು ಸಿಲಿಂಡರಿನ ದನಿ ಬೇರೆ. ಮಸಲ್ ಕಾರ್ ಎಂಬುದನ್ನು ಅನುಭವವಾಗಿ ಕಾಣುವವರಿಗೆ ಇದು ಸಣ್ಣ ಕೊರತೆಯಲ್ಲ.

ಆದರೆ ಗಾಳಿಯನ್ನು ಬಲವಂತವಾಗಿ ತುಂಬುವುದೇ ಮೋಸ ಎಂಬ ವಾದ ಮಾತ್ರ ನಿಲ್ಲುವುದಿಲ್ಲ. 1962ರಲ್ಲಿ, ಜಿಟಿಒ ಬರುವ ಎರಡು ವರ್ಷ ಮುಂಚೆಯೇ, ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಎಂಬ ಕಾರಿನ ವಿ8ಗೆ ಟರ್ಬೊ ಇತ್ತು. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಅದಕ್ಕೆ ಬೇರೆಯಾಗಿ ತುಂಬಬೇಕಿತ್ತು. 2015ರ ಡಾಡ್ಜ್ ಹೆಲ್‌ಕ್ಯಾಟ್‌ನ 707 ಅಶ್ವಶಕ್ತಿ ಬಂದದ್ದು ಸೂಪರ್‌ಚಾರ್ಜರಿನಿಂದ. ಹೊಗೆಯ ಬದಲು ಎಂಜಿನ್ನಿನ ಬೆಲ್ಟಿನಿಂದ ತಿರುಗುವ ತಿದಿ ಅದು, ಅಷ್ಟೇ ವ್ಯತ್ಯಾಸ. ಹೆಲ್‌ಕ್ಯಾಟನ್ನು ಮಸಲ್ ಕಾರ್ ಅಲ್ಲವೆಂದು ಯಾರೂ ಹೇಳಲಿಲ್ಲ. ಹಾಗಾದರೆ ಆಕ್ಷೇಪ ಉಳಿಯುವುದು ಸಿಲಿಂಡರಿನ ಸಂಖ್ಯೆಯ ಮೇಲೆ ಮಾತ್ರ.

ಆ ಸಂಖ್ಯೆಯನ್ನೇ ಅಳತೆಗೋಲು ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ 1980ರ ಪಾಂಟಿಯಾಕ್ ಟರ್ಬೊ ಟ್ರಾನ್ಸ್ ಆಮ್ ಸಾಕ್ಷಿ. ಅದರಲ್ಲಿ ಎಂಟು ಸಿಲಿಂಡರ್ ಇತ್ತು, 4.9 ಲೀಟರ್ ಇತ್ತು, ಟರ್ಬೊವೂ ಇತ್ತು; ಇಂಟರ್‌ಕೂಲರ್ ಇಲ್ಲದ, ಕಾರ್ಬ್ಯುರೇಟರಿನ ಮೇಲೇ ನಿಂತ ಆ ಎಂಜಿನ್ ಕೊಟ್ಟದ್ದು 210 ಅಶ್ವಶಕ್ತಿ. ಅಕ್ಷರಕ್ಕೆ ಅಕ್ಷರ ಮಸಲ್ ಕಾರಾದ ಅದು, 1989ರಲ್ಲಿ ಬ್ಯೂಯಿಕ್‌ನ ಟರ್ಬೊ ವಿ6 ಹೊತ್ತು ಬಂದ 250 ಅಶ್ವಶಕ್ತಿಯ ಇನ್ನೊಂದು ಟ್ರಾನ್ಸ್ ಆಮ್‌ನ ಮುಂದೆ ನಿಲ್ಲಲಾರದು. ಆ ಎರಡನೆಯದು 1,555 ಮಾತ್ರ ತಯಾರಾಯಿತು, ಆ ವರ್ಷದ ಇಂಡಿಯಾನಾಪೊಲಿಸ್ 500ರಲ್ಲಿ ಮುಂಚೂಣಿಯಲ್ಲೂ ಓಡಿತು.

ಟರ್ಬೊ ಇದ್ದ ಮಾತ್ರಕ್ಕೆ ಸಾಲದು

ಹಾಗೆಂದು ಎಂಬತ್ತರ ದಶಕದ ಎಲ್ಲ ಟರ್ಬೊ ಕಾರುಗಳನ್ನೂ ಒಂದೇ ಬುಟ್ಟಿಗೆ ಹಾಕುವುದು ತಪ್ಪು. 1984ರ ಫೋರ್ಡ್ ಮಸ್ಟ್ಯಾಂಗ್ ಎಸ್‌ವಿಒ 2.3 ಲೀಟರಿನ ನಾಲ್ಕು ಸಿಲಿಂಡರಿನಿಂದ 175, ಮರುವರ್ಷದ ನಡುವಿಗೆ 205 ಅಶ್ವಶಕ್ತಿ ಕೊಟ್ಟಿತು. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಕೋನಿ ಶಾಕ್ ಅಬ್ಸಾರ್ಬರ್, ಪೆಟ್ರೋಲಿನ ದರ್ಜೆಗೆ ತಕ್ಕಂತೆ ಒತ್ತಡ ಬದಲಿಸುವ ಸ್ವಿಚ್ಚು ಎಲ್ಲವೂ ಇದ್ದವು. ಆದರೆ ಅದರ ಮನಸ್ಸು ಇದ್ದದ್ದು ತಿರುವುಗಳಲ್ಲಿ, ಯುರೋಪಿನ ಕಾರುಗಳ ಕಡೆಗೆ. ಬೆಲೆ ವಿ8 ಇದ್ದ ಮಸ್ಟ್ಯಾಂಗ್ ಜಿಟಿಗಿಂತ ಒಂದೂವರೆ ಪಟ್ಟಿನಷ್ಟು. ಅದನ್ನು ಒಳ್ಳೆಯ ಸ್ಪೋರ್ಟ್ಸ್ ಕಾರ್ ಎಂದು ಕರೆಯುವುದೇ ಅದಕ್ಕೆ ಸಲ್ಲುವ ಗೌರವ.

ರೇಸ್ ಚಾಲಕನಾಗಿದ್ದು ಕಾರು ತಯಾರಕನಾದ ಕ್ಯಾರಲ್ ಶೆಲ್ಬಿ 1986ರಲ್ಲಿ 500 ಮಾತ್ರ ತಯಾರಿಸಿದ ಓಮ್ನಿ ಜಿಎಲ್‌ಎಚ್‌-ಎಸ್ ಅಗ್ಗದ ಪುಟ್ಟ ಕಾರಿನಲ್ಲಿ ಮಿತಿಮೀರಿದ ಬಲ ತುಂಬಿದ ಪ್ರಯೋಗ, 2.2 ಲೀಟರಿನಿಂದ 175 ಅಶ್ವಶಕ್ತಿ. ಆಶಯ ಜಿಟಿಒದ್ದೇ. ಆದರೆ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ವೇಗ ಪಡೆಯುವಾಗ ಕಾರಿನ ಭಾರ ಹಿಂದಕ್ಕೆ ವಾಲಿ ಮುಂದಿನ ಚಕ್ರಗಳ ಹಿಡಿತ ಸಡಿಲವಾಗುವುದರಿಂದ ಸ್ಟೀರಿಂಗ್ ಕೈಯಲ್ಲಿ ಎಳೆದಾಡುತ್ತದೆ. ಪೋರ್ಷೆ 911 ಟರ್ಬೊ, ಸಾಬ್ 99 ಟರ್ಬೊಗಳ ವಂಶವೇ ಬೇರೆ, ಅವುಗಳ ಮಾತು ಇಲ್ಲಿ ಬೇಡ. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಒಂದು ಲೀಟರ್, 1.2 ಲೀಟರಿನ ಟರ್ಬೊ ಪೆಟ್ರೋಲ್ ಕಾರುಗಳೂ ಅಷ್ಟೇ. ನಾಲ್ಕು ಮೀಟರಿನೊಳಗಿನ ಉದ್ದ, 1,200 ಸಿಸಿಯೊಳಗಿನ ಪೆಟ್ರೋಲ್ ಎಂಜಿನ್ ಇದ್ದರೆ ತೆರಿಗೆ ಕಡಿಮೆ ಎಂಬ ನಿಯಮವೇ ಅವುಗಳ ಗಾತ್ರವನ್ನು ಹಿಡಿದಿಟ್ಟಿದೆ. ತಿದಿ ಒಂದೇ, ಕಾಯಿಸುತ್ತಿರುವ ಕಬ್ಬಿಣ ಬೇರೆ.

ಗ್ರ್ಯಾಂಡ್ ನ್ಯಾಷನಲ್‌ನ ಸಂಗತಿ ಹಾಗಲ್ಲ. ಅದರ ಅಡಿಗಟ್ಟಿನ ಜಾತಕವನ್ನು ತೆಗೆದು ನೋಡಿದರೆ, ಜನರಲ್ ಮೋಟರ್ಸ್ ತನ್ನ ಮಧ್ಯಮ ಗಾತ್ರದ ಹಿಂಚಕ್ರದ ಕಾರುಗಳಿಗೆ ಇಟ್ಟಿದ್ದ ಎ-ಬಾಡಿ ಎಂಬ ಹೆಸರು ಸಿಗುತ್ತದೆ. 1964ರ ಜಿಟಿಒ ಎ-ಬಾಡಿ, 1970ರ ಸ್ಟೇಜ್ 1 ಎ-ಬಾಡಿ. ರೀಗಲ್ ಕೂಡ 1981ರವರೆಗೆ ಎ-ಬಾಡಿಯೇ. ಮರುವರ್ಷ ಆ ಅಕ್ಷರವನ್ನು ಮುಂಚಕ್ರದ ಹೊಸ ಕಾರುಗಳಿಗೆ ಕೊಟ್ಟು ಇದನ್ನು ಜಿ-ಬಾಡಿ ಎಂದು ಕರೆದರು. ಎರಡು ಬಾಗಿಲು, ಬೇರೆಯಾದ ಉಕ್ಕಿನ ಚೌಕಟ್ಟು, ಹಿಂದಿನ ಚಕ್ರಗಳಿಗೆ ಬಲ, ಮನೆಬಳಕೆಯ ಮೈ, ಕಂಪನಿಯ ಬಳಿಯಿದ್ದ ಅತಿ ಕಸುವಿನ ಎಂಜಿನ್, ನೇರ ರಸ್ತೆಯ ಹಂಬಲ, ಕೈಗೆಟುಕುವ ಬೆಲೆ. ಸುಮಾರು 29,000 ಡಾಲರಿನ ಜಿಎನ್‌ಎಕ್ಸ್ ಬೆಲೆಯ ಗೆರೆ ದಾಟುತ್ತದೆ, ನಿಜ. ಮಾಮೂಲಿ ಗ್ರ್ಯಾಂಡ್ ನ್ಯಾಷನಲ್ ದಾಟುವುದಿಲ್ಲ. ಕಟ್ಟುನಿಟ್ಟಿನವರು ಮಸ್ಟ್ಯಾಂಗನ್ನು ಹೊರಗಿಡಲು ಬಳಸುವ ಅದೇ ಅಳತೆಗೋಲು ಗ್ರ್ಯಾಂಡ್ ನ್ಯಾಷನಲ್ಲನ್ನು ಒಳಗೆ ಕರೆಯುತ್ತದೆ. ಆದ್ದರಿಂದ ನಾನು ಅದನ್ನು ಮಸಲ್ ಕಾರ್ ಎಂದೇ ಎಣಿಸುತ್ತೇನೆ, ಅದೇ ಎ-ಬಾಡಿ ವಂಶದ ಕೊನೆಯ ಕುಡಿ ಎಂದು. ಕೊನೆಯ ಗ್ರ್ಯಾಂಡ್ ನ್ಯಾಷನಲ್ ಮಿಷಿಗನ್ ರಾಜ್ಯದ ಪಾಂಟಿಯಾಕ್ ಊರಿನ ಕಾರ್ಖಾನೆಯಿಂದ 1987ರ ಡಿಸೆಂಬರ್ 11ರಂದು ಹೊರಬಂತು.

ಪ್ರತಿ ಆಗಸ್ಟ್‌ನಲ್ಲಿ ಡೆಟ್ರಾಯಿಟ್‌ನ ಉತ್ತರಕ್ಕೆ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೆಯ ಕಾರುಗಳ ಮೆರವಣಿಗೆ ಆ ಊರಿನವರೆಗೆ ಸಾಗುತ್ತದೆ. ಮಿಷಿಗನ್‌ನ ಕನ್ನಡಿಗರು ಅಲ್ಲಿ ನಿಂತರೆ ಜಿಟಿಒದ ಗುಡುಗಿನ ಹಿಂದೆಯೇ ಕಪ್ಪು ಬ್ಯೂಯಿಕ್‌ನ ಸಿಳ್ಳೆಯನ್ನೂ ಕೇಳಬಹುದು.

ಹೊಸ ಚಾರ್ಜರ್‌ಗೆ ಇದೇ ಅಳತೆಗೋಲನ್ನು ಹಿಡಿದರೆ, ಬಲದಲ್ಲೂ ಆಶಯದಲ್ಲೂ ಅದು ತೇರ್ಗಡೆಯಾಗುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಹೋಗುವುದು ಅದರ ಸಹಜ ಸ್ಥಿತಿಯಾದರೂ, ಹಿಂದಿನ ಎರಡಕ್ಕೇ ಹರಿಸುವ ಆಯ್ಕೆ ಚಾಲಕನಿಗಿದೆ. ಬೆಲೆಯ ವಿಚಾರದಲ್ಲಿ ಮಾತ್ರ ದುಡಿಯುವ ಯುವಕನಿಂದ ಬಹು ದೂರ ಸರಿದಿದೆ. ಅದರ ಟರ್ಬೊ ಮಾದರಿಗೆ ಡಾಡ್ಜ್ ಇಟ್ಟ ಹೆಸರು ಸಿಕ್ಸ್‌ಪ್ಯಾಕ್. 1969ರಲ್ಲಿ ಅದೇ ಹೆಸರು ಡಾಡ್ಜ್‌ನ 7.2 ಲೀಟರ್ ಎಂಜಿನ್ನಿನ ಮೇಲಿತ್ತು. ಅಂದು ಆ ಆರು ಎಂದರೆ ಮೂರು ಜೋಡಿ ಕಾರ್ಬ್ಯುರೇಟರ್ ಕಂಠಗಳು, ಅವುಗಳ ಮೂಲಕ ಉಸಿರೆಳೆಯುತ್ತಿದ್ದ ಸಿಲಿಂಡರುಗಳು ಎಂಟು.